ಮುಂಡಗೋಡಕ್ಕೆ ಹೊರಟಿದ್ದೀರಾ? "ಲಾಮಾ" ಅನ್ನೋದನ್ನ ಮರೀಬೇಡಿ

ಮುಂಡಗೋಡ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸುಮ್ನೆ "ಟಿಬೆಟಿಯನ್ ಕ್ಯಾಂಪ್" ಅಂತ ಆಟೋ ಹತ್ತಬೇಡಿ. ನಾವು ಹತ್ತಿದೆವು. "ಯಾವ ಕ್ಯಾಂಪ್ರೀ?" ಅಂದ. ನಾನು ಎಲ್ಲ ಗೊತ್ತಿರುವವನ ಹಾಗೆ "2ನೇ ನಂಬರ್" ಅಂದೆ. ಮೆಕ್ಕೆಜೋಳದ ಹೊಲ, ನಾಲ್ಕು ಮನೆ ಇರುವಲ್ಲಿ ಇಳಿಸಿ ಹೋದ. ದೊಡ್ಡ ಮಠದ ಸುಳಿವೇ ಇಲ್ಲ! ಆಮೇಲೆ ತಿಳಿಯಿತು, ಬೇಸಾಯದವರ ಕ್ಯಾಂಪುಗಳ ನಂಬರೇ ಬೇರೆ, ಸನ್ಯಾಸಿಗಳ ಮಠಗಳಿರುವ ಲಾಮಾ ಕ್ಯಾಂಪುಗಳದ್ದೇ ಬೇರೆ. ಗಾಡೆನ್ ಮಠಕ್ಕೆ ಲಾಮಾ ಕ್ಯಾಂಪ್ 1, ಡ್ರೆಪುಂಗ್ ಮಠಕ್ಕೆ ಲಾಮಾ ಕ್ಯಾಂಪ್ 2. ಒಂದು ಶಬ್ದ ಬಿಟ್ಟಿದ್ದಕ್ಕೆ ಇನ್ನೊಂದು ಆಟೋಗೆ 350 ರೂಪಾಯಿ ಕೊಟ್ಟೆ, ಅದೂ ಚೌಕಾಶಿ ಮಾಡಿದ ಮೇಲೆ.

ಶಿರಸಿಯಿಂದ ಮುಂಡಗೋಡ ಮೇಲೆ ಹೋಗುವ ಹುಬ್ಬಳ್ಳಿ ಬಸ್ ಸಾಕು. ಶನಿವಾರ ಮಾತ್ರ ಬೇಡ, ಅರ್ಧ ದಾರಿ ನಿಂತೇ ಹೋದೆವು.

ಡ್ರೆಪುಂಗ್ ಮೂಲದಲ್ಲಿ ಟಿಬೆಟ್‌ನ ಲಾಸಾ ಹತ್ತಿರ 1416ರಲ್ಲಿ ಕಟ್ಟಿದ ಮಠ. 1959ರ ನಂತರ ಟಿಬೆಟ್‌ನಿಂದ ಓಡಿಬಂದವರಿಗೆ ಇಲ್ಲಿ ಜಮೀನು ಸಿಕ್ಕಿತು, 1966ರಲ್ಲಿ ಈ ವಸತಿ ಶುರುವಾಯಿತು. ಮಠದ ಫೋಟೋ ಎಲ್ಲ ಕಡೆ ಸಿಗುತ್ತದೆ, ಬಿಡಿ. ಕಾದು ನೋಡಬೇಕಾದ್ದು ಸನ್ಯಾಸಿಗಳ ವಾದ. ಒಬ್ಬ ಕೂತಿರುತ್ತಾನೆ, ಎದುರಿಗೆ ನಿಂತವನು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಜಗಳ ಅಂದುಕೊಂಡು ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು!

ಹಸಿವಾಗಿ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ನಾಲ್ಕೇ ಮೇಜು, ಬೋರ್ಡೂ ಇಲ್ಲ. ಉದ್ದ ಲಂಗದ ಅಜ್ಜಿ ಬಂದು "ಖಾರ ನಡೀತೈತೇನ್ರೀ?" ಅಂತ ಕೇಳಿದರು. ನಮ್ಮ ಶಿರಸಿ ಕನ್ನಡಕ್ಕಿಂತ ಅವರದ್ದೇ ಗಟ್ಟಿ ಹುಬ್ಬಳ್ಳಿ ಕನ್ನಡ! ಎಲೆಕೋಸಿನ ಮೋಮೋ ಎಂಟಕ್ಕೆ 60 ರೂಪಾಯಿ. ತೆಳ್ಳಗಿನ ಹಿಟ್ಟು, ಒಳಗೆ ಬಿಸಿ ಹಬೆ, ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಕೆಂಪು ಚಟ್ನಿ. ಆಮೇಲೆ ಟಿಂಗ್ಮೋ ತಂದರು. ಅದು ಹೂವಿನ ಹಾಗೆ ಸುತ್ತಿದ ಹಬೆ ರೊಟ್ಟಿ, ಬರೀ ಅದನ್ನೇ ಹರಿದು ತಿನ್ನಬಹುದು. ನಾನು ಮೂರು ತಿಂದೆ. ಸಸ್ಯಾಹಾರಿಗಳು ಥುಕ್ಪಾ (ಸಾರಿನಲ್ಲಿ ಬೇಯಿಸಿದ ನೂಡಲ್ಸ್) ಹೇಳುವ ಮೊದಲು ಸಾರು ಯಾವುದರದ್ದು ಅಂತ ಕೇಳಿ, ತರಕಾರಿ ಹಾಕಿದ್ದರೂ ಸಾರು ಮಾಂಸದ್ದಿರಬಹುದು. ಬೆಣ್ಣೆ ಚಹಾಕ್ಕೆ ಉಪ್ಪು ಹಾಕುತ್ತಾರೆ. ನನಗೆ ಒಂದು ಗುಟುಕೂ ಇಳಿಯಲಿಲ್ಲ, ಅಜ್ಜಿ ನಕ್ಕು ಸಿಹಿ ಚಹಾ ಕೊಟ್ಟರು.

ಚಳಿಗಾಲದಲ್ಲಿ ಹೋದರೆ ಬೇಸಾಯದ ಕ್ಯಾಂಪುಗಳಲ್ಲಿ ಬೀಗ ಜಾಸ್ತಿ. ಊರೂರಿಗೆ ಸ್ವೆಟರ್ ಮಾರಲು ಹೋಗಿರುತ್ತಾರೆ, ನಮ್ಮೂರ ಪೇಟೆಯಲ್ಲೂ ನೋಡಿದ್ದೀರಲ್ವಾ? ಫೆಬ್ರವರಿ, ಮಾರ್ಚಿನ ಲೋಸಾರ್ ಹೊಸವರ್ಷದ ಹೊತ್ತಿಗೆ ಹೋದರೆ ಜನ ಇರುತ್ತಾರೆ, ಗದ್ದಲವೂ ಇರುತ್ತದೆ. ನನಗೆ ಗದ್ದಲ ಆಗಿಬರುವುದಿಲ್ಲ, ಮುಗಿದು ಒಂದು ವಾರ ಬಿಟ್ಟೇ ಹೋಗುತ್ತೇನೆ.

ಇನ್ನೊಂದು, ಇಳಿಸಿದ ಆಟೋದವನ ನಂಬರ್ ತೆಗೆದುಕೊಳ್ಳಿ. ಸಂಜೆ ಅಲ್ಲಿ ಖಾಲಿ ಆಟೋ ಸಿಗದೆ ನಾವು ಒಂದು ತಾಸು ರಸ್ತೆಯಲ್ಲಿ ನಿಂತೆವು.