ಉಂಗುರ ಬೆರಳಿಗೆ ನಿಲ್ಲಲಿಲ್ಲ

ಇಲ್ಲದ ಕಂತನ್ನು ನೋಡಲು ಕೂರುವುದಕ್ಕೂ ಒಂದಿಷ್ಟು ಸಿದ್ಧತೆ ಬೇಕು. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ‘ದ ಟೆಂತ್ ಪ್ಲಾನೆಟ್’ ಎಂಬ ನಾಲ್ಕು ಕಂತಿನ ಕಥೆಯಿದೆ. ಮೂರು ಕಂತು ಸಿಗುತ್ತವೆ, ನಾಲ್ಕನೆಯದು ಸಿಗುವುದಿಲ್ಲ. ಕಳ್ಳನೋ ಕಿಲಾಡಿಯೋ ಎಂದು ತೀರ್ಮಾನಿಸಲಾಗದ, ‘ಡಾಕ್ಟರ್’ ಎಂದೇ ಕರೆಸಿಕೊಳ್ಳುವ ಒಬ್ಬ ಕಾಲಸಂಚಾರಿ ಮೊಟ್ಟಮೊದಲು ಮೈ ಬದಲಿಸಿದ್ದು ಆ ನಾಲ್ಕನೆಯ ಕಂತಿನ ಕೊನೆಯಲ್ಲಿ, 1966ರ ಅಕ್ಟೋಬರ್ 29ರ ಶನಿವಾರ ಸಂಜೆ. ಧಾರಾವಾಹಿ ಅಷ್ಟು ವರ್ಷ ಬದುಕಿದ್ದೇ ಆ ಕೆಲವು ಸೆಕೆಂಡುಗಳ ದೆಸೆಯಿಂದ. ಹಾಗಾಗಿ ಇಲ್ಲದಿದ್ದರೂ ನೋಡಲೇಬೇಕು.

ಹೇಗೆ ಎಂದರೆ, ಚೂರುಗಳನ್ನು ಕೂಡಿಸಿಕೊಂಡು. ಮೊದಲನೆಯದು ಧ್ವನಿ. ಆ ಕಾಲದಲ್ಲಿ ಟೀವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಹುಡುಗರಿಂದಾಗಿ ಕಳೆದುಹೋದ ಎಲ್ಲ ಕಂತುಗಳ ಧ್ವನಿಯೂ ಉಳಿದಿದೆ. ಎರಡನೆಯದು ಸ್ಥಿರಚಿತ್ರಗಳು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಪ್ರಸಾರದ ಹೊತ್ತಿಗೆ ಟೀವಿ ಪರದೆಗೆ ಕ್ಯಾಮೆರಾ ಹಿಡಿದು, ಕಂತಿಗೆ ಅರವತ್ತರ ಆಸುಪಾಸು ಫೋಟೊ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದ. ಮೂರನೆಯದು 2013ರಲ್ಲಿ ಡಿವಿಡಿಗಾಗಿ ಮಾಡಿದ ಅನಿಮೇಷನ್. ನಾಲ್ಕನೆಯದು ಅಸಲಿ ದೃಶ್ಯದ ಒಂದು ತುಣುಕು. ಡಾಕ್ಟರ್ ಹೂಗೆ ಹತ್ತು ವರ್ಷ ತುಂಬಿದಾಗ, 1973ರಲ್ಲಿ, ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಆ ರೂಪಾಂತರವನ್ನು ತೋರಿಸಿದ್ದರು. ಆ ಕಾರ್ಯಕ್ರಮ ಉಳಿಯಿತು, ಅದರ ಹೊಟ್ಟೆಯಲ್ಲಿ ಈ ತುಣುಕೂ ಉಳಿಯಿತು.

ಮೊದಲ ಸಲಕ್ಕೆ ಅನಿಮೇಷನ್ ಬೇಡ ಎನ್ನುತ್ತೇನೆ. ಅದರಲ್ಲಿ ಎಲ್ಲವೂ ಸರಾಗ, ಮುದುಕ ಡಾಕ್ಟರನ ದಣಿವೂ ಸರಾಗ. ಫೋಟೊಗಳನ್ನು ಒಂದೊಂದಾಗಿ ನೋಡುತ್ತಾ ಧ್ವನಿ ಕೇಳಿದರೆ ಆ ಪಾತ್ರ ಮಾಡಿದ ವಿಲಿಯಂ ಹಾರ್ಟ್ನೆಲ್‌ನ ದನಿ ಎಲ್ಲಿ ಕುಗ್ಗುತ್ತದೆ, ಎಲ್ಲಿ ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದೆಲ್ಲ ಕಿವಿಗೆ ಬೀಳುತ್ತದೆ.

ಕಂತು ಕಳೆದದ್ದು ಬೆಂಕಿಗೆ ಸಿಕ್ಕಿಯೂ ಅಲ್ಲ, ಕಳ್ಳತನವಾಗಿಯೂ ಅಲ್ಲ. ಆಗಿನ ಎರಡಂಗುಲ ಅಗಲದ ವಿಡಿಯೊ ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದದ್ದು. ಕಲಾವಿದರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೆ ಮಿತಿಯಿತ್ತು. ಮತ್ತೆ ತೋರಿಸಲಾಗದ ಟೇಪನ್ನು ಇಟ್ಟುಕೊಂಡು ಏನು ಮಾಡುವುದು? ಅಳಿಸಿದರು. ಹೊರದೇಶಗಳಿಗೆ ಮಾರಲೆಂದು ಮಾನಿಟರಿಗೆ ಫಿಲ್ಮ್ ಕ್ಯಾಮೆರಾ ಹಿಡಿದು ತೆಗೆದ 16 ಎಂಎಂ ಪ್ರತಿಗಳೂ ಹಕ್ಕಿನ ಅವಧಿ ಮುಗಿದಂತೆ ಕಸಕ್ಕೆ ಹೋದವು. ಇವತ್ತು ಸಿಗುವ ಹಳೆಯ ಕಂತುಗಳಲ್ಲಿ ಬಹಳಷ್ಟು ಹೀಗೆ ಕಸದಿಂದ ತಪ್ಪಿಸಿಕೊಂಡ ಫಿಲ್ಮ್ ಪ್ರತಿಗಳೇ.

ಈ ಡಾಕ್ಟರನ ಗುಣದ ಬಗ್ಗೆ ಒಂದು ಮಾತು. ಈಚಿನವನನ್ನು ಮಾತ್ರ ನೋಡಿದವರಿಗೆ ಅವನು ಲೋಕೋದ್ಧಾರಕ. 1963ರ ನವೆಂಬರ್ 23ರಂದು ಮೊದಲು ಕಾಣಿಸಿಕೊಂಡ ಮುದುಕ ಹಾಗಿರಲಿಲ್ಲ. ತನ್ನ ಗುಟ್ಟು ಹೊರಬೀಳಬಾರದೆಂದು ಇಬ್ಬರು ಶಾಲಾಶಿಕ್ಷಕರನ್ನು ತನ್ನ ಕಾಲಯಂತ್ರದೊಳಗೆ ಕೂಡಿಹಾಕಿ ಶಿಲಾಯುಗಕ್ಕೆ ಎಳೆದೊಯ್ದ. ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ನಿರ್ದೇಶಿಸಿದ ಕಥೆ ಅದು. ಅಲ್ಲಿ ಗಾಯಗೊಂಡು ಬಿದ್ದ ಗುಹಾವಾಸಿಯ ಪಕ್ಕ ಡಾಕ್ಟರ್ ಒಂದು ಕಲ್ಲು ಎತ್ತಿಕೊಂಡಾಗ ಶಿಕ್ಷಕ ಅವನ ಕೈ ಹಿಡಿದು ತಡೆಯಬೇಕಾಗುತ್ತದೆ. ಮುಂದಿನ ಕಥೆಯಲ್ಲಿ, ಯಂತ್ರದ ‘ಫ್ಲೂಯಿಡ್ ಲಿಂಕ್’ ಕೆಟ್ಟಿದೆ, ಪಾದರಸ ಬೇಕು ಎಂದು ಹಸಿ ಸುಳ್ಳು ಹೇಳಿ ಎಲ್ಲರನ್ನೂ ಸಾವಿನ ನಗರಕ್ಕೆ ಕರೆದೊಯ್ಯುತ್ತಾನೆ. ಅದಕ್ಕೆ ಅವನಿಗಿದ್ದ ಕಾರಣ ಒಂದೇ, ಆ ನಗರವನ್ನು ನೋಡಬೇಕಿತ್ತು. ಅವನು ಓಡಿಸುವ ಟಾರ್ಡಿಸ್ ಯಂತ್ರವೂ ತನ್ನ ಜನರಿಂದ ಕದ್ದದ್ದೇ. ಇಳಿದ ಜಾಗಕ್ಕೆ ತಕ್ಕ ಆಕಾರ ತಾಳಬೇಕಾದ ಆ ಯಂತ್ರ ಕೆಟ್ಟು ಲಂಡನ್ನಿನ ಬೀದಿಬದಿಯಲ್ಲಿ ಪೊಲೀಸರಿಗೆ ಫೋನ್ ಮಾಡಲು ಇರುತ್ತಿದ್ದ ನೀಲಿ ಪೊಲೀಸ್ ಪೆಟ್ಟಿಗೆಯಾಗಿಯೇ ನಿಂತುಬಿಟ್ಟಿತು. ಪ್ರತಿ ಕಥೆಗೂ ಹೊಸ ಆಕಾರ ಕಟ್ಟುವ ಖರ್ಚು ಉಳಿಯಿತು. ರೂಪ ಬದಲಿಸಬೇಕಾದ ಪೆಟ್ಟಿಗೆ ಬದಲಾಗಲಿಲ್ಲ, ಬದಲಾಗುವ ಯೋಚನೆಯೇ ಇಲ್ಲದಿದ್ದ ಮುದುಕ ಬದಲಾದ.

ಆ ಬದಲಾವಣೆಯ ಹಿಂದೆ ಇದ್ದದ್ದು ಕಾಯಿಲೆ. ಹಾರ್ಟ್ನೆಲ್‌ಗೆ ರಕ್ತನಾಳ ಗಡುಸಾಗುವ ರೋಗವಿತ್ತು, ಮಾತು ನೆನಪಿರುತ್ತಿರಲಿಲ್ಲ. ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಕಂತು. ವಾರವಿಡೀ ತಾಲೀಮು, ಕೊನೆಯಲ್ಲಿ ಒಂದು ಸಂಜೆ ನಾಟಕದಂತೆ ಒಂದೇ ಓಟದಲ್ಲಿ ಚಿತ್ರೀಕರಣ. ಟೇಪನ್ನು ಕತ್ತರಿಸಿ ಅಂಟಿಸುವುದು ಖರ್ಚಿನ ಬಾಬತ್ತು, ಆದ್ದರಿಂದ ತಪ್ಪು ಮಾತೂ ಹಾಗೇ ಪ್ರಸಾರವಾಗುತ್ತಿತ್ತು. ವಿಕಿರಣಕ್ಕೆ ಮದ್ದು ಎನ್ನಬೇಕಾದ ಕಡೆ ‘ಕೈಗವಸು’ ಎಂದು ಶುರುಮಾಡಿ ತಿದ್ದಿಕೊಂಡದ್ದು ಇವತ್ತಿಗೂ ಕೇಳಿಸುತ್ತದೆ. ಎಷ್ಟು ತಪ್ಪು ಅವನದು, ಎಷ್ಟು ಪಾತ್ರದ್ದು ಎಂದು ಬೇರ್ಪಡಿಸಲು ಹೋಗಬೇಡಿ. ಮರೆಗುಳಿ ಮುದುಕನ ಪಾತ್ರಕ್ಕೆ ಅದೂ ಒಗ್ಗಿಬಿಡುತ್ತಿತ್ತು.

ನಮ್ಮ ಧಾರಾವಾಹಿಗಳಲ್ಲಾದರೆ ನಟ ಬಿಟ್ಟುಹೋದಾಗ ಒಂದು ಅಪಘಾತ, ಮುಖದ ತುಂಬ ಬ್ಯಾಂಡೇಜು, ಬಿಚ್ಚಿದರೆ ಬೇರೆ ಮುಖ. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಸೋಮವಾರದಿಂದ ಬೇರೆಯವರು, ಮನೆಮಂದಿ ಯಾರಿಗೂ ಅನುಮಾನವಿಲ್ಲ! ನಿರ್ಮಾಪಕ ಇನ್ನೆಸ್ ಲಾಯ್ಡ್ ಮತ್ತು ಕಥಾ ಸಂಪಾದಕ ಗೆರ್ರಿ ಡೇವಿಸ್ ಆ ದಾರಿ ಹಿಡಿಯಲಿಲ್ಲ. ಇವನು ಭೂಮಿಯವನೇ ಅಲ್ಲವಲ್ಲ, ಮೈ ಸವೆದರೆ ಹೊಸದಾಗಿ ಮಾಡಿಕೊಳ್ಳಲಿ ಎಂದರು. ಇದು ನಮಗೆ ಗೊತ್ತಿರುವ ಪರಕಾಯ ಪ್ರವೇಶವಲ್ಲ, ಬೇರೆಯವರ ದೇಹ ಬೇಕಿಲ್ಲ. ಇರುವ ಮೈಯನ್ನೇ ಕಲಸಿ ಮತ್ತೆ ಕಟ್ಟುವುದು. ಹೊಸಬನನ್ನು ಮೊದಲಿನವನಂತೆ ಮಾಡುವ ಗೋಜಿಗೂ ಹೋಗಲಿಲ್ಲ. 58ರ ಸಿಡುಕು ಮುದುಕನ ಜಾಗಕ್ಕೆ 46ರ ಪ್ಯಾಟ್ರಿಕ್ ಟ್ರೌಟನ್ ಬಂದ. ಕುಳ್ಳ, ಕೆದರಿದ ಕಪ್ಪು ಕೂದಲು, ಜೋಲುವ ಕೋಟು, ಕೈಯಲ್ಲೊಂದು ರೆಕಾರ್ಡರ್ ಕೊಳಲು.

ಈಗ ಕಥೆಗೆ ಬನ್ನಿ. ದಕ್ಷಿಣ ಧ್ರುವದ ಒಂದು ನೆಲೆ, ಕಾಲ 1986ರ ಡಿಸೆಂಬರ್. ಭೂಮಿಯ ಅವಳಿ ಗ್ರಹವೊಂದು ಹತ್ತಿರ ಬಂದಿದೆ, ಅಲ್ಲಿಂದ ಅರೆಯಂತ್ರ ಮನುಷ್ಯರಾದ ಸೈಬರ್‌ಮೆನ್ ಇಳಿಯುತ್ತಾರೆ. ಮೂರನೆಯ ಕಂತಿನಲ್ಲಿ ಡಾಕ್ಟರ್ ಇದ್ದಕ್ಕಿದ್ದಂತೆ ಕುಸಿದುಬೀಳುತ್ತಾನೆ, ಕಂತಿಡೀ ಹಾಸಿಗೆ ಹಿಡಿಯುತ್ತಾನೆ. ಏಕೆಂದು ಕಥೆ ಹೇಳುವುದಿಲ್ಲ. ಆ ವಾರ ಹಾರ್ಟ್ನೆಲ್‌ಗೆ ಎದೆ ಕಟ್ಟಿ ಬರಲಾಗಲಿಲ್ಲ. ಅವನ ಮಾತುಗಳನ್ನು ಸಂಗಾತಿ ಬೆನ್‌ಗೂ ಉಳಿದವರಿಗೂ ಹಂಚಿ, ಬೆನ್ನು ಮಾತ್ರ ಕಾಣುವಂತೆ ಬದಲಿ ನಟನನ್ನು ಬೀಳಿಸಿದರು. ಪರದಾಟದಲ್ಲಿ ಮಾಡಿದ ಈ ತೇಪೆಯೇ ಕಥೆಗೆ ಕೂಡಿಬಂತು. ನಾಲ್ಕನೆಯ ಕಂತಿನಲ್ಲಿ ಅವನು ಎದ್ದು, ಈ ಹಳೆಯ ಮೈ ಸವೆದುಹೋಗುತ್ತಿದೆ ಎಂದಾಗ ಹಿಂದಿನ ಕುಸಿತಕ್ಕೂ ಅರ್ಥ ಬರುತ್ತದೆ. ಅಂಥದೊಂದು ಮುನ್ಸೂಚನೆಯನ್ನು ಯೋಚಿಸಿ ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿತ್ತೋ ಇಲ್ಲವೋ.

ಕೊನೆಗೆ ಆ ತುಣುಕು. ಕಪ್ಪುಬಿಳುಪು, ಸ್ವಲ್ಪ ಮಸುಕು. ಟಾರ್ಡಿಸ್ ಒಳಗೆ ಸನ್ನೆಕೋಲುಗಳು ತಾವಾಗಿ ಏಳುತ್ತವೆ, ಬೀಳುತ್ತವೆ. ನೆಲದ ಮೇಲೆ ಡಾಕ್ಟರ್ ಅಂಗಾತ ಬಿದ್ದಿದ್ದಾನೆ. ಕ್ಯಾಮೆರಾ ಮುಖಕ್ಕೆ ಬರುತ್ತದೆ. ಚಿತ್ರ ಬೆಳಗತೊಡಗುತ್ತದೆ, ಹಾಲು ಉಕ್ಕಿ ಪಾತ್ರೆಯ ಅಂಚು ಮುಚ್ಚಿದಂತೆ ಬಿಳುಪು ಮುಖದ ಗೆರೆಗಳನ್ನೆಲ್ಲ ನುಂಗುತ್ತದೆ. ಅರೆಗಳಿಗೆ ಅಲ್ಲಿ ಇರುವುದು ಯಾರ ಮುಖವೂ ಅಲ್ಲ. ಬಿಳುಪು ಇಳಿದಾಗ ಅಲ್ಲಿ ಮಲಗಿರುವವನು ಟ್ರೌಟನ್.

ಲಂಡನ್ನಿನ ರಿವರ್‌ಸೈಡ್ ಸ್ಟುಡಿಯೊದಲ್ಲಿ 1966ರ ಅಕ್ಟೋಬರ್ 8ರಂದು ಇದನ್ನು ಮಾಡಿದರು. ಮಿಕ್ಸಿಂಗ್ ಡೆಸ್ಕಿನ ಮುಂದೆ ಇದ್ದವರು ಶರ್ಲಿ ಕಾವರ್ಡ್. ಆ ಡೆಸ್ಕಿನಲ್ಲಿ ಒಂದು ದೋಷವಿತ್ತು, ಚಿತ್ರ ಮಿತಿಮೀರಿ ಬೆಳಗಿ ಸುಟ್ಟಂತಾಗುತ್ತಿತ್ತು. ಬೇರೆ ದಿನವಾದರೆ ರಿಪೇರಿಗೆ ಬರೆಯುವ ದೋಷ. ಕಾವರ್ಡ್ ಅದನ್ನೇ ಬಳಸಿ ಒಬ್ಬನಿಂದ ಇನ್ನೊಬ್ಬನಿಗೆ ಚಿತ್ರವನ್ನು ದಾಟಿಸಿದರು. ಬರೀ ಒಂದು ಚಿತ್ರದ ಮೇಲೆ ಇನ್ನೊಂದನ್ನು ಕರಗಿಸಿದ್ದರೆ ಕೆಲಸ ಕೆಡುತ್ತಿತ್ತು. ಕರಗುವಾಗ ಎರಡು ಜೊತೆ ಕಣ್ಣು, ಎರಡು ಮೂಗು ಒಟ್ಟಿಗೆ ಕಾಣುತ್ತವೆ. ಕಣ್ಣಿನ ಮಟ್ಟ, ತಲೆಯ ಓರೆ, ಬೆಳಕಿನ ದಿಕ್ಕು ಕೂದಲೆಳೆಯಷ್ಟು ತಪ್ಪಿದರೂ ಗುಟ್ಟು ರಟ್ಟು. ಅದರಲ್ಲೂ ಒಬ್ಬನದು ಉದ್ದ ಬಿಳಿಯ ವಿಗ್, ಇನ್ನೊಬ್ಬನದು ಕಪ್ಪು ಕೂದಲು. ಆ ಬಿಳುಪಿನ ಉಕ್ಕು ಸರಿಯಾಗಿ ಈ ಹೊಂದದ ಹೊತ್ತನ್ನೇ ಮುಚ್ಚಿಬಿಡುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಮುಂದಿನ ಶನಿವಾರ, ನವೆಂಬರ್ 5ರಂದು, ‘ದ ಪವರ್ ಆಫ್ ದ ಡಾಲೆಕ್ಸ್’ ಶುರು. ಆರಕ್ಕೆ ಆರೂ ಕಂತು ಕಳೆದಿವೆ, ಸರಿಯಾಗಿ ಐವತ್ತು ವರ್ಷದ ನಂತರ ಅದೇ ದಿನ ಅನಿಮೇಷನ್ ಬಂತು. ಮುಖ ಬದಲಿಸುವುದು ತಾಂತ್ರಿಕರ ಕೆಲಸವಾಗಿತ್ತು, ನಂಬಿಸುವ ಕೆಲಸ ಇಲ್ಲಿದೆ. ಹೊಸಬ ಎದ್ದು ಕನ್ನಡಿ ನೋಡಿಕೊಂಡರೆ ಅದರಲ್ಲಿ ಹಳೆಯ ಮುಖ. ಹಳೆಯ ಡಾಕ್ಟರನ ಬಗ್ಗೆ ಬೇರೆ ಯಾರದೋ ಸಂಗತಿ ಎಂಬಂತೆ ಮಾತಾಡುತ್ತಾನೆ. ಕೇಳಿದ ಪ್ರಶ್ನೆಗೆ ಕೊಳಲೂದುತ್ತಾನೆ. ಬೆನ್‌ಗೆ ಸಿಟ್ಟು. ಹಳೆಯ ಡಾಕ್ಟರನ ಉಂಗುರ ತಂದು ಇವನ ಬೆರಳಿಗೆ ಹಾಕಿ ನೋಡುತ್ತಾನೆ. ಸಡಿಲ, ನಿಲ್ಲುವುದಿಲ್ಲ. ಸಿಕ್ಕಿಬಿದ್ದನಲ್ಲ ಎಂದುಕೊಂಡರೆ, ರೆಕ್ಕೆ ಬಿಚ್ಚಿದ ಚಿಟ್ಟೆಯನ್ನು ಅದರ ಹಳೆಯ ಗೂಡಿಗೆ ತುರುಕಲಾದೀತೇ ಎಂಬರ್ಥದಲ್ಲಿ ಅವನದೇ ಮರುಪ್ರಶ್ನೆ.

ಬೇರೊಂದು ಗ್ರಹದ ಮಾನವ ವಸಾಹತಿನಲ್ಲಿ ಹೊರಗಿಳಿದ ಕೂಡಲೇ ಕಿಲಾಡಿತನ ಹಳೆಯದೇ. ಭೂಮಿಯಿಂದ ಬಂದ ತನಿಖಾಧಿಕಾರಿಯನ್ನು ಯಾರೋ ಗುಂಡಿಟ್ಟು ಕೊಂದಿದ್ದಾರೆ. ಹೆಣದ ಜೇಬಿನ ಬಿಲ್ಲೆ ಡಾಕ್ಟರನ ಕೈ ಸೇರುತ್ತದೆ, ಆ ವಸಾಹತಿನ ಎಲ್ಲ ಬಾಗಿಲೂ ಅವನಿಗೆ ತೆರೆಯುತ್ತವೆ. ಬೆನ್‌ನ ಅನುಮಾನ ಅಳಿಸುವುದು ಯಾವ ಸಾಕ್ಷ್ಯದಿಂದಲೂ ಅಲ್ಲ, ಡಾಕ್ಟರನ ಹಳೆಯ ಹಗೆಯಾದ, ಯಂತ್ರಕವಚದೊಳಗಿನ ಜೀವಿ ಒಂದು ಡಾಲೆಕ್‌ನಿಂದ. ಅದು ತನ್ನ ಕಣ್ಣುಕೋಲನ್ನು ಈ ಹೊಸ ಮುಖದತ್ತ ತಿರುಗಿಸಿ ನಿಲ್ಲುತ್ತದೆ. ಗುರುತು ಹಿಡಿದಿದೆ! ಹಗೆಗೆ ಮುಖ ಬೇಕಾಗಿಲ್ಲ ಎನ್ನುವುದು ಡೇವಿಡ್ ವಿಟೇಕರ್ ಬರೆದ ಆ ಕಥೆಯ ಜಾಣ ನಡೆ.

ಆಮೇಲಿನ ರೂಪಾಂತರಗಳಲ್ಲಿ ಕೆಟ್ಟವೂ ಇವೆ. 1969ರಲ್ಲಿ ಹೊಸ ಮುಖ ತೋರಿಸದೆ ಟ್ರೌಟನ್‌ನನ್ನು ಕತ್ತಲಿನಲ್ಲಿ ತಿರುಗಿಸಿ ಕಳಿಸಿದರು. 1987ರದು ಎಲ್ಲಕ್ಕಿಂತ ಪೇಚಿನದು. ತೆಗೆದುಹಾಕಿದ ಮೇಲೆ ಒಂದು ದೃಶ್ಯಕ್ಕಾಗಿ ಬರಲು ಕಾಲಿನ್ ಬೇಕರ್ ಒಪ್ಪಲಿಲ್ಲ. ಹೊಸಬ ಸಿಲ್ವೆಸ್ಟರ್ ಮೆಕಾಯ್‌ಗೇ ಹಳಬನ ಬಣ್ಣಬಣ್ಣದ ಕೋಟು ತೊಡಿಸಿ, ಹೊಂಬಣ್ಣದ ಗುಂಗುರು ವಿಗ್ ಇಟ್ಟು, ಬೋರಲಾಗಿ ಮಲಗಿಸಿ ಹೊರಳಿಸಿದರು. ವಿಶೇಷ ಬೆಳಕು ಬರುವುದಕ್ಕೂ ವಿಗ್ ಕಣ್ಣಿಗೆ ಹೊಡೆಯುವುದಕ್ಕೂ ಸರಿಹೋಗುತ್ತದೆ. 2005ರಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು. ಮಲಗಿಸಬೇಡಿ, ನಿಲ್ಲಿಸಿ. ಕೈ ಚಾಚಿ, ತಲೆ ಹಿಂದಕ್ಕೆ ಎಸೆದು ನಿಂತರೆ ಕತ್ತಿನಿಂದಲೂ ತೋಳುಗಳಿಂದಲೂ ಚಿನ್ನದ ಜ್ವಾಲೆ ಹೊಮ್ಮುತ್ತದೆ, ಮುಖ ಮರೆಯಾಗುತ್ತದೆ. ಇಬ್ಬರೂ ಒಂದೇ ದಿನ ಬರಬೇಕಿಲ್ಲ. ಕ್ರಿಸ್ಟೋಫರ್ ಎಕಲ್ಸ್‌ಟನ್ ಒಂದು ದಿನ, ಅದೇ ಚರ್ಮದ ಜಾಕೆಟ್ಟಿನಲ್ಲಿ ಡೇವಿಡ್ ಟೆನಂಟ್ ಇನ್ನೊಂದು ದಿನ.

ಲೆಕ್ಕದ್ದೂ ಒಂದು ಎಡವಟ್ಟಿದೆ. ಒಬ್ಬನಿಗೆ ಹನ್ನೆರಡೇ ಸಲ ರೂಪಾಂತರ ಎಂದು 1976ರ ಒಂದು ಕಥೆಯಲ್ಲಿ ಬಾಯಿಬಿಟ್ಟುಬಿಟ್ಟರು. 2013ಕ್ಕೆ ಅದು ಕತ್ತಿಗೆ ಬಂತು. ಹಾರ್ಟ್ನೆಲ್‌ನಿಂದ ಮ್ಯಾಟ್ ಸ್ಮಿತ್‌ವರೆಗೆ ಹನ್ನೊಂದು ಮುಖ, ಅಂದರೆ ಹತ್ತು ಬದಲಾವಣೆ. ನಡುವೆ ಮುಚ್ಚಿಟ್ಟಿದ್ದ ಜಾನ್ ಹರ್ಟ್‌ನ ಮುಖಕ್ಕೆ ಒಂದು. 2008ರಲ್ಲಿ ಟೆನಂಟ್ ಮುಖ ಬದಲಿಸದೆಯೇ ಖರ್ಚು ಮಾಡಿಕೊಂಡದ್ದು ಒಂದು. ಹನ್ನೆರಡೂ ಮುಗಿಯಿತು. ಆ ವರ್ಷದ ಕ್ರಿಸ್‌ಮಸ್ ಕಂತಿನಲ್ಲಿ ಅವನ ಜನರಿಂದಲೇ ಹೊಸ ಕಂತೆಯೊಂದನ್ನು ಕೊಡಿಸಿ ಪಾರಾದರು.

ಈ ಎಲ್ಲದರಲ್ಲೂ ನಾನು ಹುಡುಕುವುದು ಬಟ್ಟೆಯನ್ನು. 1966ರಲ್ಲಿ ಮೈಯೊಂದಿಗೆ ಬಟ್ಟೆಯೂ ಬದಲಾಗಿತ್ತು, ಅದಕ್ಕೆ ವಿವರಣೆಯಿಲ್ಲ. 2022ರಲ್ಲಿ ಮತ್ತೆ ಹಾಗಾಯಿತು. 2023ರಲ್ಲಿ ಒಬ್ಬನೇ ಇಬ್ಬರಾಗಿ ಸೀಳಿದಾಗ ಬಟ್ಟೆಯೂ ಪಾಲಾಗಿ ಒಬ್ಬನಿಗೆ ಪ್ಯಾಂಟೇ ಇಲ್ಲ. ಮಿಕ್ಕ ಸಲ ಹಳಬನ ಬಟ್ಟೆ ಹೊಸಬನ ಮೈಮೇಲೆ. ಆಗ ಅವನು ಏನು ಮಾಡುತ್ತಾನೆ? 1970ರಲ್ಲಿ ಆಸ್ಪತ್ರೆಯಿಂದ ಬಟ್ಟೆ ಕದ್ದ, ಜೊತೆಗೆ ಒಂದು ಹಳೆಯ ಕಾರನ್ನೂ. 1996ರಲ್ಲಿ ಆಸ್ಪತ್ರೆ ಸಿಬ್ಬಂದಿಯ ಲಾಕರಿನಿಂದ. 2010ರಲ್ಲಿ ಮತ್ತೊಂದು ಆಸ್ಪತ್ರೆಯಿಂದ, ಬೋ ಟೈ ಸಮೇತ.

2017ರ ಕ್ರಿಸ್‌ಮಸ್ ದಿನ ಪೀಟರ್ ಕಪಾಲ್ಡಿಯ ಮುಖ ಚಿನ್ನದ ಬೆಳಕಿನಲ್ಲಿ ಮುಳುಗಿ ಜೋಡಿ ವಿಟೇಕರ್‌ಳ ಮುಖ ಮೇಲೆದ್ದಿತು. ದೊಗಳೆಯಾದ ಕೋಟು, ಅದರ ತೋಳಿನೊಳಗೆ ಸಣ್ಣದಾದ ಕೈ. ಕ್ಯಾಮೆರಾ ಆ ಕೈಗೆ ಹೋಗುತ್ತದೆ. ಬೆರಳಿನಿಂದ ಉಂಗುರ ಜಾರಿ ನೆಲಕ್ಕೆ ಬೀಳುತ್ತದೆ. ಅವಳು ತನ್ನ ಹೊಸ ಮುಖ ನೋಡಿ ಹಿಗ್ಗಿ, ಮುಂದಿದ್ದ ಒಂದು ಗುಂಡಿ ಒತ್ತುತ್ತಾಳೆ. ಟಾರ್ಡಿಸ್ ಓರೆಯಾಗಿ ಬಾಗಿಲು ತೆರೆದುಕೊಳ್ಳುತ್ತದೆ, ಅವಳು ಹೊರಗೆ ಬೀಳುತ್ತಾಳೆ.