ಒಬ್ಬನ ಮೇಲೆ ಸೇಡು, ಇನ್ನೊಬ್ಬರ ಮೇಲೆ ತಾತ್ಸಾರ

ನಾನು ಬರೆದ ವರದಿಗೆ ತನ್ನ ಹೆಸರು ಹಾಕಿಕೊಂಡು ಮೀಟಿಂಗಿನಲ್ಲಿ ಓದಿದ ಸಹೋದ್ಯೋಗಿಯೊಬ್ಬನಿದ್ದ. ಅದರಲ್ಲಿದ್ದ ಟೈಪಿಂಗ್ ತಪ್ಪನ್ನೂ ಹಾಗೇ ಓದಿದ, ಪುಣ್ಯಾತ್ಮ. ಅದು ಯಾರ ಕೆಲಸ ಅಂತ ಚೆನ್ನಾಗಿ ಗೊತ್ತಿದ್ದ ಮೇಲಧಿಕಾರಿ ಮೊಬೈಲ್ ನೋಡುತ್ತಾ ಕೂತಿದ್ದರು. ಇಬ್ಬರ ಮೇಲೂ ಸಿಟ್ಟು ಬಂತು, ಆದರೆ ಒಂದೇ ಥರದ್ದಲ್ಲ.

ಸಹೋದ್ಯೋಗಿಯ ಮೇಲೆ ಸೇಡು ತೀರಿಸಿಕೊಳ್ಳಬೇಕಿತ್ತು. ಸ್ನಾನ ಮಾಡುವಾಗ, ಬಸ್ಸಿನಲ್ಲಿ ನಿಂತಾಗೆಲ್ಲ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಅವನಿಗೆ ಏಟು ಬಿದ್ದರೆ ಸಾಲದು, ಕೊಟ್ಟಿದ್ದು ನಾನೇ ಅಂತ ಗೊತ್ತಾಗಬೇಕು. ಬೇರಾವುದೋ ಕಾರಣಕ್ಕೆ ಅವನ ಬಡ್ತಿ ತಪ್ಪಿದಾಗ ಖುಷಿಯೇ ಆಗಲಿಲ್ಲ. ಯಾರೋ ನನ್ನ ಸರದಿ ಕಸಿದುಕೊಂಡ ಹಾಗಾಯಿತು.

ನಮ್ಮನ್ನು ಯಾರಾದರೂ ಹಗುರವಾಗಿ ಕಂಡಾಗ ಹುಟ್ಟುವ, ನೋವು ಬೆರೆತ ಸೇಡಿನ ಬಯಕೆಯೇ ಕೋಪ ಅನ್ನುತ್ತಾನೆ ಅರಿಸ್ಟಾಟಲ್. ಹಗುರವಾಗಿ ಕಾಣುವ ಮೂರು ಬಗೆಗಳಲ್ಲಿ ಅವನು ಮೊದಲು ಎಣಿಸುವುದು ತಾತ್ಸಾರವನ್ನು. ನನಗೆ ನೆನಪಾಗುವುದು ದ್ರುಪದ. ಬಾಲ್ಯದ ಗೆಳೆಯ ದ್ರೋಣ ಬಂದು ನಿಂತರೆ, ಸಮಾನರಲ್ಲದವರ ನಡುವೆ ಎಂಥ ಗೆಳೆತನ ಎಂದು ಸಾಗಹಾಕಿದ. ಅವನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ದ್ರೋಣನಿಗೆ ಮುಗಿಯಲಿಲ್ಲ. ಶಿಷ್ಯರಿಂದ ಅವನನ್ನು ಹಿಡಿದು ತರಿಸಿ, ಅರ್ಧ ರಾಜ್ಯ ಇಟ್ಟುಕೊಂಡು ಇನ್ನರ್ಧ ಹಿಂದಕ್ಕೆ ಕೊಟ್ಟ. ಬೇಕಿದ್ದರೆ ಇಡೀ ರಾಜ್ಯವನ್ನೇ ನುಂಗಬಹುದಿತ್ತಲ್ಲ! ಅವನಿಗೆ ಬೇಕಿದ್ದದ್ದು ರಾಜ್ಯವಲ್ಲ, ಈಗ ನಾವಿಬ್ಬರೂ ಸಮ ಅಂತ ದ್ರುಪದ ಒಪ್ಪಿಕೊಳ್ಳುವುದು. ಸೇಡು ಇಟ್ಟುಕೊಂಡವನಿಗೆ ಎದುರಾಳಿ ಅಷ್ಟು ಮುಖ್ಯ. (ಆಮೇಲೆ ದ್ರುಪದನ ಸೇಡು ಶುರುವಾಯಿತು, ಅದು ಬೇರೆ ಪುರಾಣ.)

ಮೇಲಧಿಕಾರಿಯಿಂದ ಮಾತ್ರ ನನಗೆ ಏನೂ ಬೇಕಿರಲಿಲ್ಲ. ಮಾತು ಜೋಡಿಸಲಿಲ್ಲ, ನಿದ್ದೆ ಕೆಡಲಿಲ್ಲ. ಅವರು ನ್ಯಾಯ, ಪ್ರಾಮಾಣಿಕತೆ ಅಂತ ಮಾತಾಡುವಾಗ ನನ್ನ ತುಟಿಯ ಒಂದು ಕೊನೆ ತಾನಾಗಿ ಬಿಗಿಯುತ್ತಿತ್ತು, ಅಷ್ಟೇ. ಮುಖಭಾವಗಳನ್ನು ಅಧ್ಯಯನ ಮಾಡಿದ ಪಾಲ್ ಎಕ್ಮನ್ ತಾತ್ಸಾರದ ಗುರುತು ಅನ್ನುವುದೂ ಇದನ್ನೇ, ಬಾಯಿಯ ಒಂದೇ ಬದಿಯ ಬಿಗಿತ. "ಎಷ್ಟು ತಾಳ್ಮೆ ಇವಳಿಗೆ" ಅಂತ ಜೊತೆಯವರು ಹೊಗಳಿದರು. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ, ಆ ಮನುಷ್ಯನನ್ನು ಲೆಕ್ಕದಿಂದಲೇ ತೆಗೆದುಹಾಕಿದ್ದೆ. ಎರಡರಲ್ಲಿ ಹೆಚ್ಚು ಕ್ರೂರವಾದದ್ದು ಇದೇ ಅಂತ ನನಗನ್ನಿಸುತ್ತದೆ. ಸೇಡಾದರೂ ಒಂದು ದಿನ ತೀರುತ್ತದೆ.

ಈಗಲೂ ಆ ಸಹೋದ್ಯೋಗಿ ಎದುರು ಬಂದು "ತಪ್ಪಾಯ್ತು ಕಣೇ" ಅಂದರೆ, ಗಂಟೆಗಟ್ಟಲೆ ಜಗಳವಾಡಿ ಕೊನೆಗೆ ಬಹುಶಃ ರಾಜಿಯಾಗುತ್ತೇನೆ. ಮೇಲಧಿಕಾರಿ ಅದನ್ನೇ ಹೇಳಿದರೆ "ಅಯ್ಯೋ, ಬಿಡಿ ಸರ್" ಅನ್ನುತ್ತೇನೆ. ಲಿಫ್ಟ್ ಬರುವಷ್ಟರಲ್ಲಿ ಮರೆತಿರುತ್ತೇನೆ.