ಗೇಜ್ ಕೌಂಟಿಯ ಚಕ್ಕುಬಂದಿ

ಅಮೆರಿಕದ ನೆಬ್ರಾಸ್ಕ ರಾಜ್ಯದ ಗೇಜ್ ಕೌಂಟಿಯನ್ನು ಒಂದು ದಿನದಲ್ಲಿ ನೋಡಿ ಬರಬಹುದು. ಆದರೆ ಬಿಯಾಟ್ರಿಸ್ ಊರಿನಿಂದ ನಾಲ್ಕು ಮೈಲಿ ಪಶ್ಚಿಮಕ್ಕೆ ಹೋಗಿ, ಹುಲ್ಲುಗಾವಲಿನ ಮುಂದೆ ಫೋಟೊ ತೆಗೆಸಿಕೊಂಡು ಮರಳಿದರೆ ಆ ನೆಲ ಅರ್ಥವಾಗುವುದಿಲ್ಲ. ಹೊರಡುವ ಮುನ್ನ ಒಂದು ವಿಳಾಸ ಬರೆದಿಟ್ಟುಕೊಳ್ಳಿ: ಟೌನ್‌ಶಿಪ್ 4 ಉತ್ತರ, ರೇಂಜ್ 5 ಪೂರ್ವ, ಸೆಕ್ಷನ್ 26. ಡೇನಿಯಲ್ ಫ್ರೀಮನ್‌ನ ಜಮೀನು ಇಲ್ಲಿದೆ. ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನು ಕೊಡುವ ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಬ್ರೌನ್‌ವಿಲ್‌ನ ಭೂಕಚೇರಿಯಲ್ಲಿ ಅರ್ಜಿ ಹಾಕಿದವನು ಆತ.

ವಿಳಾಸ ಓದುವ ಕ್ರಮ ಹೀಗೆ. ಕಾನ್ಸಸ್ ಗಡಿಯಾದ 40 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೆ ಆರು ಮೈಲಿಗೊಂದು ಟೌನ್‌ಶಿಪ್. ಉತ್ತರ–ದಕ್ಷಿಣವಾಗಿ ಎಳೆದ ಮೂಲಗೆರೆಯಿಂದ ಪೂರ್ವಕ್ಕೆ ಎಣಿಸಿದರೆ ಅದೇ ಅಳತೆಯ ರೇಂಜ್. ಇಂಥ ಚೌಕದೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್, ಪ್ರತಿಯೊಂದೂ 640 ಎಕರೆ. ನಂಬರು ಈಶಾನ್ಯ ಮೂಲೆಯಲ್ಲಿ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗುತ್ತದೆ. ಕೆಳಗಿನ ಸಾಲಿನಲ್ಲಿ, ಹೊಲದ ಕೊನೆಯಲ್ಲಿ ಎತ್ತು ತಿರುಗಿಸಿದ ಹಾಗೆ, 7ರಿಂದ ಪೂರ್ವಕ್ಕೆ ಹೊರಳುತ್ತದೆ. ಹೊಸಬರು ತಪ್ಪುವುದು ಇಲ್ಲೇ. ಎಲ್ಲ ಸಾಲನ್ನೂ ಎಡದಿಂದ ಬಲಕ್ಕೆ ಎಣಿಸಿದರೆ 26ನೇ ಸೆಕ್ಷನ್ ಇರುವಲ್ಲಿಂದ ಮೂರು ಮೈಲಿ ಪಶ್ಚಿಮಕ್ಕೆ ಹೋಗಿ ನಿಲ್ಲುತ್ತೀರಿ. ಅಳತೆ ನಡೆದದ್ದು 66 ಅಡಿ ಸರಪಳಿಯಲ್ಲಿ. 80 ಸರಪಳಿಗೆ ಒಂದು ಮೈಲಿ, ಹತ್ತು ಚದರ ಸರಪಳಿಗೆ ಒಂದು ಎಕರೆ. 33 ಅಡಿ ಚೌಕದ ನಮ್ಮ ಗುಂಟೆಯ ಒಂದು ಬದಿ ಇದೇ ಸರಪಳಿಯ ಅರ್ಧ. ಆದ್ದರಿಂದ ಕರ್ನಾಟಕದ ಪಹಣಿ ಓದಿ ಬಲ್ಲವರಿಗೆ ಈ ಲೆಕ್ಕ ಪರಕೀಯವಲ್ಲ.

ಫ್ರೀಮನ್‌ಗೆ ಸಿಕ್ಕ 160 ಎಕರೆ ಚೌಕವಾಗಿಲ್ಲ. ನಲವತ್ತು ಎಕರೆಯ ಮೂರು ತುಂಡು ಪೂರ್ವ–ಪಶ್ಚಿಮವಾಗಿ ಸಾಲಾಗಿವೆ, ನಾಲ್ಕನೆಯದು ನಡುವಿನದರ ಉತ್ತರಕ್ಕೆ ಕೂತಿದೆ. ಆ ಜಾಗದಲ್ಲಿ ಕಬ್ ಹಳ್ಳ ಹರಿಯುತ್ತದೆ. ಬರೀ ಹುಲ್ಲಿನ ಸೀಮೆಯಲ್ಲಿ ಮರವಿರುವುದು ಹಳ್ಳದ ದಡದಲ್ಲಿ ಮಾತ್ರ. ಮನೆಗೆ, ಬೇಲಿಗೆ, ಒಲೆಗೆ ಎಲ್ಲಕ್ಕೂ ಅಲ್ಲಿಂದಲೇ ತರಬೇಕು. ದಕ್ಷಿಣದ ಗಡಿಗುಂಟ ನಡೆಯಿರಿ. ಓಸೇಜ್ ಆರೆಂಜ್ ಎಂಬ ಮುಳ್ಳುಮರದ ಬೇಲಿಸಾಲು ಇನ್ನೂ ಇದೆ. ಮುಳ್ಳುತಂತಿ ಬರುವ ಮೊದಲು ದನ ತಡೆಯಲು ಇದನ್ನೇ ಒತ್ತೊತ್ತಾಗಿ ನೆಡುತ್ತಿದ್ದರು. ಕಾಗದದ ಮೇಲಿನ ಗೆರೆ ನೆಲದ ಮೇಲೆ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಇಲ್ಲಿ ಬೇರೊಂದಿಲ್ಲ.

ಜಮೀನು ಪುಕ್ಕಟೆ ಎನ್ನುವ ಮಾತು ಅರ್ಧ ಸತ್ಯ. ಅರ್ಜಿಗೆ 10 ಡಾಲರ್, ಕಮಿಷನ್ 2, ಕೊನೆಗೆ ಹಕ್ಕುಪತ್ರಕ್ಕೆ 6, ಒಟ್ಟು 18 ಡಾಲರ್. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಬೇಕು, ಇಬ್ಬರು ಸಾಕ್ಷಿ ಹೇಳಬೇಕು. ಕಾಯಲಾಗದವರು ಆರು ತಿಂಗಳ ಬಳಿಕ ಎಕರೆಗೆ 1.25 ಡಾಲರ್ ತೆತ್ತು ಕೊಳ್ಳಬಹುದಿತ್ತು. ದೇಶದಲ್ಲಿ ಅರ್ಜಿ ಹಾಕಿದವರಲ್ಲಿ ಕೊನೆಯವರೆಗೆ ಉಳಿದು ಪತ್ರ ಪಡೆದವರು ಅರ್ಧಕ್ಕಿಂತ ಕಡಿಮೆ. ಬರ, ಮಿಡತೆ, ಸಾಲ ಮಿಕ್ಕವರನ್ನು ಎಬ್ಬಿಸಿದವು. ಫ್ರೀಮನ್ ಪರವಾಗಿ ಕೊಟ್ಟ ಸಾಕ್ಷ್ಯಪತ್ರವನ್ನು ಸಾವಧಾನವಾಗಿ ಓದಬೇಕು: 14 ಅಡಿಗೆ 20 ಅಡಿಯ ಮನೆ, ಎರಡು ಬಾಗಿಲು, ಎರಡು ಕಿಟಕಿ, ಹಲಗೆ ನೆಲ, ಉತ್ತ ಭೂಮಿ ಸುಮಾರು 35 ಎಕರೆ, ಕುರಿದೊಡ್ಡಿ, ಮೆಕ್ಕೆಜೋಳದ ಕಣಜ, 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಆ ಕಾಲದ ಸಂಸಾರ ಕಣ್ಣಿಗೆ ಕಟ್ಟುವುದು ಇಂಥ ದಾಖಲೆಗಳಲ್ಲೇ. ಹಕ್ಕುಪತ್ರದ ದಿನಾಂಕ 1869ರ ಸೆಪ್ಟೆಂಬರ್ 1.

ಆ ಮನೆ ಈಗಿಲ್ಲ. ನಿಂತಿರುವ ಮರದ ಮನೆ ಪಾಮರ್–ಎಪರ್ಡ್ ಕುಟುಂಬಗಳದು, 1867ರಲ್ಲಿ ಇದೇ ಕೌಂಟಿಯ ಬೇರೆ ಕಡೆ ಕಟ್ಟಿ ಆಮೇಲೆ ಇಲ್ಲಿಗೆ ತಂದದ್ದು. 14 ಅಡಿಗೆ 16 ಅಡಿ. ಇದನ್ನು ಫ್ರೀಮನ್ ಮನೆಯೆಂದು ಹಲವರು ಭಾವಿಸುತ್ತಾರೆ. ದಯವಿಟ್ಟು ಫಲಕ ಓದಿ.

ಅಲ್ಲಿಂದ ಫ್ರೀಮನ್ ಶಾಲೆ. 1872ರ ಇಟ್ಟಿಗೆ ಕಟ್ಟಡ, 1967ರವರೆಗೆ ಪಾಠ ನಡೆಯಿತು. ಒಂದೇ ಕೋಣೆ, ಆದರೆ ಅದರ ಹೆಸರು ನೆಬ್ರಾಸ್ಕದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ತರಗತಿಯಲ್ಲಿ ಶಿಕ್ಷಕಿ ಬೈಬಲ್ ಓದಿಸುವುದನ್ನು ಫ್ರೀಮನ್ ಪ್ರಶ್ನಿಸಿದ. 1902ರಲ್ಲಿ ತೀರ್ಪು ಅವನ ಪರ ಬಂತು. ಜಮೀನಿಗಿಂತ ಇದೇ ಆತನ ದೊಡ್ಡ ಕೆಲಸ ಎಂದು ನನ್ನ ಎಣಿಕೆ.

ಸುತ್ತಲಿನ ಹುಲ್ಲುಗಾವಲು ಮೂಲದ್ದಲ್ಲ, 1939ರಿಂದ ಮತ್ತೆ ಬೆಳೆಸಿದ್ದು. ಕೆಲವು ವರ್ಷಕ್ಕೊಮ್ಮೆ ಬೇಕೆಂದೇ ಬೆಂಕಿ ಕೊಡುತ್ತಾರೆ. ಹುಲ್ಲಿನ ಜೀವ ನೆಲದಡಿ ಇರುವುದರಿಂದ ಅದು ಮತ್ತೆ ಚಿಗುರುತ್ತದೆ, ಪೊದೆ ಮತ್ತು ಎಳೆಮರ ಸುಟ್ಟುಹೋಗುತ್ತವೆ. ಬೆಂಕಿ ತಪ್ಪಿದರೆ ಕಾಡು ನುಗ್ಗುತ್ತದೆ.

ಮಧ್ಯಾಹ್ನ ಪೂರ್ವಕ್ಕೆ, ಫಿಲ್ಲಿ ಊರಿನ ಹತ್ತಿರದ ಸುಣ್ಣಕಲ್ಲಿನ ಕೊಟ್ಟಿಗೆಗೆ ಹೋಗಿ. ಎಲೈಜಾ ಫಿಲ್ಲಿ 1874ರಲ್ಲಿ, ಮಿಡತೆ ಹಿಂಡು ಬೆಳೆ ತಿಂದ ವರ್ಷ, ನೆರೆಯವರಿಗೆ ಕೂಲಿ ಸಿಗಲೆಂದು ಕಟ್ಟಿಸಿದ್ದು.

ಸಂಜೆಗೆ ದಕ್ಷಿಣದ ಬಾರ್ನ್‌ಸ್ಟನ್ ಕಡೆ ಹೋಗದಿದ್ದರೆ ಕತೆ ಅಪೂರ್ಣ. 1854ರ ಒಪ್ಪಂದದಂತೆ ಬಿಗ್ ಬ್ಲೂ ನದಿಯ ಬದಿಯಲ್ಲಿ 10 ಮೈಲಿ ಅಗಲ, 25 ಮೈಲಿ ಉದ್ದದ ನೆಲ ಓಟೊ–ಮಿಸೂರಿಯಾ ಎಂಬ ಮೂಲನಿವಾಸಿ ಜನರ ಮೀಸಲು. ಮುಂದೆ ಅದನ್ನು ತುಂಡು ಮಾಡಿ ಮಾರಿದರು. 1881ರಲ್ಲಿ ಆ ಜನ ಈಗಿನ ಒಕ್ಲಹೋಮಕ್ಕೆ ಹೊರಡಬೇಕಾಯಿತು. ಹೋಮ್‌ಸ್ಟೆಡ್ ಕಡತಗಳಲ್ಲಿ ಈ ಭಾಗದ ಹಳೆಯ ಒಕ್ಕಲುಗಳ ಹೆಸರು ಹುಡುಕುವವರು ಬರಿಗೈಯಲ್ಲಿ ಮರಳುವುದು ಇದೇ ಕಾರಣಕ್ಕೆ. ಮೀಸಲಿನೊಳಗಿನ ಜಮೀನು ದುಡ್ಡು ಕೊಟ್ಟು ಕೊಂಡದ್ದು. ಅದಕ್ಕೆ ಮಾರಾಟದ ದಾಖಲೆಗಳನ್ನೇ ತೆಗೆಸಬೇಕು.